ಬಿದ್ದು ಎದ್ದವರ ಹಾಡು

ಮೊನ್ನೆ ಗಣಪತಿ ಕಳಿಸೋ ದಿನ ನಮ್ಮ ಅಮರಗೋಳದ ಓಣಿಗೆ ಡಿಜೆ ಬಂದಿತ್ತು. ಟ್ರ್ಯಾಕ್ಟರ್ ಮೇಲೆ ಆಳೆತ್ತರದ ಸ್ಪೀಕರುಗಳು, ಹಿಂದೆ ಗುಲಾಲು ಮೆತ್ತಿಕೊಂಡ ಹುಡುಗರು, ಎಲ್ಲರಿಗಿಂತ ಹಿಂದೆ ಪಾಪ ಗಣಪತಿ :-) ನಮ್ಮನೆ ಕಪಾಟಿನೊಳಗಿನ ಸ್ಟೀಲ್ ಲೋಟಗಳು ತಾವೇ ಕುಣಿಯೋಕೆ ಶುರು ಮಾಡಿದವು. ನಾನು ಬೈಕೊಳ್ಳುತ್ತಾ ಕಿಟಕಿ ಮುಚ್ಚೋಕೆ ಎದ್ದರೆ, ಖುರ್ಚಿಯಲ್ಲಿ ಕೂತಿದ್ದ ಕಾಕಾ ಕೈ ಎತ್ತಿ ತಡೆದ.

"ತಡಿ ತಡಿ, ಮುಚ್ಚಬ್ಯಾಡ. ಇದು ಖುರ್ಬಾನಿ ಹಾಡು. ಡ್ರಮ್ಮು ಹೊಸಾದು ಹಾಕ್ಯಾರ, ಖರೇ ಕೆಳಗಿನ ಬೇಸು ಹಳೇದ ಐತಿ ನೋಡು."

ಅರವತ್ತೈದು ದಾಟಿದ, ಮೊಣಕಾಲು ನೋವಿನ, ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯಲ್ಲಿ ಜೀವನವೆಲ್ಲ ಮೆಣಸಿನಕಾಯಿ ಚೀಲದ ಲೆಕ್ಕ ಬರೆದ ನಮ್ಮ ಕಾಕಾ, ಆ ಗದ್ದಲದೊಳಗೆ ಬೇಸ್ ಗಿಟಾರಿನ ಗೆರೆಯೊಂದನ್ನ ಬೇರೆ ಮಾಡಿ ಕೇಳ್ತಿದ್ದ. ಅವನ ಬಲಗೈ ಬೆರಳು ಖುರ್ಚಿಯ ಹಿಡಿಕೆ ಮೇಲೆ ತಾವೇ ಆಡ್ತಿದ್ದವು.

ಮೆರವಣಿಗೆ ಮುಂದೆ ಹೋದ ಮೇಲೆ ನಾನು ಜಾಣತನ ತೋರಿಸೋಕೆ ಅಂದೆ, "ಕಾಕಾ, 'ಆಪ್ ಜೈಸಾ ಕೋಯಿ' ಟ್ಯೂನ್ ಮಾಡಿದಾಂವ ನಮ್ಮ ಬೆಂಗಳೂರಾಗ ಹುಟ್ಟಿದಾಂವ, ಗೊತ್ತೈತೇನು? ಬಿದ್ದು ಅಪ್ಪಯ್ಯ ಅಂತ. ಕೊಡವರು."

ಕಾಕಾ ಒಂದು ನಿಮಿಷ ನನ್ನ ಮುಖಾನೇ ನೋಡಿದ. "ಬಿದ್ದೂ? ಕ್ಯಾಸೆಟ್ಟಿನ ಮ್ಯಾಲೆ ಇಂಗ್ಲಿಷಿನ್ಯಾಗ ಇದ್ದದ್ದನ್ನ ನಲವತ್ತು ವರ್ಷದಿಂದ ಬಿಡ್ಡು, ಬಿಡ್ಡು ಅಂತ ಓದಿಕೋತ ಬಂದೇನಿ. ಯಾವನೋ ಬಿಳೇ ಸಾಹೇಬ ಇರಬೇಕು ಅಂತ ತಿಳಿದಿದ್ನಲೋ!"

ಈ ಪೋಸ್ಟು ಹುಟ್ಟಿದ್ದು ಅಲ್ಲಿಂದ. ಕಾಕಾನದೊಂದೇ ತಪ್ಪಲ್ಲ ಅದು. ಬಿದ್ದು ಅನ್ನೋ ಹೆಸರು ನಮ್ಮ ಮಾತಿನಲ್ಲಿ, ನಾವು ಹೆಮ್ಮೆಯಿಂದ ಎಣಿಸೋ ಪಟ್ಟಿಗಳಲ್ಲಿ ಎಷ್ಟು ಸಲ ಬರುತ್ತೆ ಹೇಳಿ? ನನಗನಿಸುತ್ತೆ, ಅದಕ್ಕೆ ಕಾರಣ ಮರೆವಲ್ಲ. ಡಿಸ್ಕೋ ಅನ್ನೋ ಪದವನ್ನ ಕೇಳಿದ ಕೂಡಲೇ ನಾವು ಮೂಗು ಮುರಿಯೋದು ಕಾರಣ.

ಮೊದಲು ನಮ್ಮ ಮನೆಯ ಕತೆ ಹೇಳಿಬಿಡ್ತೀನಿ, ಇಲ್ಲದಿದ್ರೆ ನಾನ್ಯಾಕೆ ಇಷ್ಟು ಜಗಳಕ್ಕೆ ನಿಂತಿದೀನಿ ಅಂತ ನಿಮಗೆ ತಿಳಿಯಲ್ಲ.

ನಮ್ಮ ಅಜ್ಜ ಮಲ್ಲಿಕಾರ್ಜುನ ಮನ್ಸೂರರ ಭಕ್ತ. ಭಕ್ತ ಅಂದ್ರೆ ಭಕ್ತ. ಆಕಾಶವಾಣಿ ಧಾರವಾಡದಲ್ಲಿ ಅವರ ಕಛೇರಿ ಇದ್ದರೆ ಮನೆಯಲ್ಲಿ ಯಾರೂ ಕೆಮ್ಮೋ ಹಾಗಿರಲಿಲ್ಲ. ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಉಸಿರು ಬಿಗಿಹಿಡಿದು, ಒಂದು ರಾತ್ರಿಯ ಕಛೇರಿಯನ್ನ ಅಜ್ಜ ಕ್ಯಾಸೆಟ್ಟಿಗೆ ಹಿಡಿದಿದ್ದರು. 1981ರಲ್ಲಿ 'ಡಿಸ್ಕೋ ದಿವಾನೆ' ಬಂತು. ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದ ಕಾಕಾನಿಗೆ ಗೆಳೆಯನೊಬ್ಬ ಆ ಕ್ಯಾಸೆಟ್ಟನ್ನ ಒಂದೇ ರಾತ್ರಿಗೆ ಅಂತ ಕೊಟ್ಟ. ಖಾಲಿ ಕ್ಯಾಸೆಟ್ ಕೊಳ್ಳೋಕೆ ರೊಕ್ಕ ಇಲ್ಲ. ಮುಂದಿನದ್ದು ನೀವೇ ಊಹಿಸ್ಕೊಳ್ಳಿ... ಮನ್ಸೂರರ ಮೇಲೆ ನಾಜಿಯಾ ಹಸನ್ ಕೂತುಬಿಟ್ಟಳು.

ಅಜ್ಜ ಹೊಡೆಯಲಿಲ್ಲವಂತೆ, ಬೈಯಲಿಲ್ಲವಂತೆ. ಟೇಪ್ ರೆಕಾರ್ಡರನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಆರು ತಿಂಗಳು ಕಾಕಾನ ಜೊತೆ ಮಾತು ಬಿಟ್ಟರಂತೆ. ಅವರ ನೋವು ಸಣ್ಣದು ಅಂತ ನಾನು ಹೇಳಲ್ಲ. ಆ ಕಛೇರಿ ಮತ್ತೆ ಸಿಗೋದಲ್ಲ.

ಆದರೆ ಒಂದು ಮಜಾ ಇದೆ. ಡಿಸ್ಕೋ ಕ್ಯಾಸೆಟ್ಟು ಸ್ವಲ್ಪ ಚಿಕ್ಕದು. ಹಾಗಾಗಿ ಎರಡನೇ ಬದಿಯ ಕೊನೆಯಲ್ಲಿ ಹಾಡು ಮುಗಿದು 'ಟಕ್' ಅಂತ ಒಂದು ಶಬ್ದ ಬಂದ ಮೇಲೆ, ಅಳಿಸಿಹೋಗದೆ ಉಳಿದ ಮೂರ್ನಾಲ್ಕು ನಿಮಿಷದ ಮನ್ಸೂರರು ತಾನಿನ ನಟ್ಟನಡುವೆ ಎದ್ದು ಬರ್ತಾರೆ. ನಾನು ಆ ಕ್ಯಾಸೆಟ್ಟು ಕೇಳ್ತಾನೇ ದೊಡ್ಡವನಾದೆ. ನನ್ನ ಕಿವಿಗೆ ಡಿಸ್ಕೋ ಮುಗಿದ ಮೇಲೆ ಮನ್ಸೂರರು ಬರಲೇಬೇಕು. ಬರದಿದ್ದರೆ ಹಾಡು ಅರ್ಧಕ್ಕೆ ನಿಂತಂತೆ ಅನಿಸುತ್ತೆ.

ಇರಲಿ. ಈಗ ಬಿದ್ದು ಅವರ ವಿಷಯಕ್ಕೆ ಬರೋಣ.

1945ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಹುಡುಗ. ಪಾಠ ಹೇಳಿದ ಗುರು ಅಂದ್ರೆ ರೇಡಿಯೋ ಸಿಲೋನ್. ನಮ್ಮ ಹಿರಿಯರು ಬಿನಾಕಾ ಗೀತಮಾಲಾ ಕೇಳ್ತಿದ್ದ ಅದೇ ಸಿಲೋನಿನಲ್ಲಿ ಈ ಹುಡುಗ ಇಂಗ್ಲಿಷ್ ಪಾಪ್ ಹಾಡು ಹಿಡ್ಕೊಂಡು ಕೂತಿರ್ತಿದ್ದ. ಗಿಟಾರ್ ಕಲಿತ. ಗೆಳೆಯರ ಜೊತೆ 'ಟ್ರೋಜನ್ಸ್' ಅಂತ ಬ್ಯಾಂಡು ಕಟ್ಟಿದ. ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಹಾಡುಗಳನ್ನ ಬೆಂಗಳೂರು, ಕಲ್ಕತ್ತ, ಬೊಂಬಾಯಿಯ ಕ್ಲಬ್ಬುಗಳಲ್ಲಿ ಹಾಡ್ತಿದ್ದರು. ಬ್ಯಾಂಡು ಒಡೀತು. ಈ ಪುಣ್ಯಾತ್ಮ ಬಿಡಲಿಲ್ಲ, 'ಲೋನ್ ಟ್ರೋಜನ್' ಅಂತ ಹೆಸರಿಟ್ಟುಕೊಂಡು ಒಬ್ಬನೇ ಹಾಡಿದ. ಜೊತೆಗಾರರೆಲ್ಲ ಬಿಟ್ಟುಹೋದ ಮೇಲೂ ಬ್ಯಾಂಡಿನ ಹೆಸರು ಬಿಡದ ಆ ಹಟ ನೋಡಿ ನಂಗೆ ನಗೂನೂ ಬರುತ್ತೆ, ಗೌರವಾನೂ ಬರುತ್ತೆ.

ಆಮೇಲೆ ಊರು ಬಿಟ್ಟ. ಕೈಯಲ್ಲೊಂದು ಗಿಟಾರು. ಪಶ್ಚಿಮ ಏಷ್ಯಾದ ಊರೂರುಗಳಲ್ಲಿ ಹಾಡ್ತಾ, ಸಿಕ್ಕ ಗಾಡಿ ಹತ್ತುತ್ತಾ 1967ರ ಹೊತ್ತಿಗೆ ಲಂಡನ್ ಮುಟ್ಟಿದ. ಬೀಟಲ್ಸ್ ಊರಲ್ಲಿ ಯಾರೂ ಆರತಿ ಹಿಡ್ಕೊಂಡು ನಿಂತಿರಲಿಲ್ಲ. ಅಮೆರಿಕದ ರಾಯಭಾರ ಕಚೇರಿಯ ಅಡುಗೆಮನೆಯಲ್ಲಿ ದುಡಿದ. ಕೂಡಿಟ್ಟ ದುಡ್ಡಲ್ಲಿ ಸ್ಟುಡಿಯೋವನ್ನ ಗಂಟೆ ಲೆಕ್ಕದಲ್ಲಿ ಬಾಡಿಗೆ ಹಿಡೀತಿದ್ದ. 1969ರಲ್ಲಿ ಜಪಾನಿನ 'ಟೈಗರ್ಸ್' ಅನ್ನೋ ಬ್ಯಾಂಡಿಗಾಗಿ ಹಾಡೊಂದನ್ನ ರೆಕಾರ್ಡ್ ಮಾಡಿಸೋ ಕೆಲಸ ಸಿಕ್ತು, ಅದು ಜಪಾನಿನಲ್ಲಿ ಗೆದ್ದಿತು. ಬೆಂಗಳೂರಿನ ಹುಡುಗ, ಲಂಡನ್ನಿನ ಸ್ಟುಡಿಯೋ, ಜಪಾನಿನ ಕೇಳುಗರು! ಗ್ಲೋಬಲೈಸೇಶನ್ ಅನ್ನೋ ಪದ ನಮ್ಮ ಪೇಪರುಗಳಿಗೆ ಬರೋದಕ್ಕಿಂತ ಎಷ್ಟೋ ಮೊದಲಿನ ಮಾತಿದು.

ಆಮೇಲೆ 1974. ಆ ಕತೆಯನ್ನ ನಾನು ಯಾರಿಗೆ ಬೇಕಾದ್ರೂ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ.

ಕಾರ್ಲ್ ಡಗ್ಲಸ್ ಅಂತ ಜಮೈಕಾ ಮೂಲದ ಗಾಯಕ. ಅವನಿಗೊಂದು ಹಾಡು ರೆಕಾರ್ಡ್ ಆಗಬೇಕು. ರೆಕಾರ್ಡಿಗೆ ಎರಡು ಬದಿ ಅಲ್ವಾ? ಎ ಬದಿಯಲ್ಲಿ ಮುಖ್ಯ ಹಾಡು, ಬಿ ಬದಿಯಲ್ಲಿ ಏನಾದ್ರೂ ಒಂದು. ಸ್ಟುಡಿಯೋ ಹಿಡಿದದ್ದು ಮೂರು ಗಂಟೆಗೆ. ಎ ಬದಿಯ ಹಾಡಿಗೇ ಎರಡು ಗಂಟೆ ಮೇಲೆ ಹೋಯ್ತು. ಇನ್ನು ಬಿ ಬದಿಗೆ ಏನಿದೆಯಪ್ಪಾ ಅಂತ ಕೇಳಿದಾಗ ಡಗ್ಲಸ್ ತಾನು ಬರೆದ ಕೆಲವು ಸಾಹಿತ್ಯ ಮುಂದಿಟ್ಟ. ಅದರಲ್ಲೊಂದು ಕುಂಗ್ ಫೂ ಬಗ್ಗೆ. ಬಿದ್ದು ಅದಕ್ಕೊಂದು ಟ್ಯೂನ್ ಕಟ್ಟಿದರು. ಉಳಿದಿದ್ದು ಹತ್ತು ನಿಮಿಷ, ಮಾಡಿದ್ದು ಎರಡು ಟೇಕು. ಹೇಗೂ ಬಿ ಬದಿ ತಾನೇ, ಯಾರು ಕೇಳ್ತಾರೆ ಅಂತ 'ಹೂ! ಹಾ!' ಅಂತ ಕುಸ್ತಿಮನೆಯ ಹೂಂಕಾರವನ್ನೆಲ್ಲ ಧಾರಾಳವಾಗಿ ತುಂಬಿದರು.

ಕಂಪನಿಯವರು ಕೇಳಿ, ಇದೇ ಎ ಬದಿಗೆ ಬರಬೇಕು ಅಂದರು. ಮೊದಲ ವಾರಗಳಲ್ಲಿ ರೇಡಿಯೋದವರು ತಿರುಗಿ ನೋಡಲಿಲ್ಲ. ಕ್ಲಬ್ಬುಗಳಲ್ಲಿ ಕುಣಿಯೋ ಜನ ಅದನ್ನ ಎತ್ತಿಕೊಂಡರು. ಆ ವರ್ಷದ ಸೆಪ್ಟೆಂಬರಿನಲ್ಲಿ 'ಕುಂಗ್ ಫೂ ಫೈಟಿಂಗ್' ಬ್ರಿಟನ್ನಿನಲ್ಲಿ ಒಂದನೇ ಸ್ಥಾನ, ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನ. 2008ರಲ್ಲಿ 'ಕುಂಗ್ ಫೂ ಪಾಂಡಾ' ಸಿನಿಮಾ ಬಂದಾಗ ನಮ್ಮ ಮಕ್ಕಳು ಕುಣಿದದ್ದೂ ಅದೇ ಹಾಡಿನ ಹೊಸ ರೂಪಕ್ಕೆ. ಹತ್ತು ನಿಮಿಷದ ಬಿ ಬದಿ!

"ಹಾಡಿದ್ದು ಡಗ್ಲಸ್, ಸಾಹಿತ್ಯವೂ ಡಗ್ಲಸ್‌ದು, ಹಾಗಾದ್ರೆ ಬಿದ್ದು ಏನು ಮಾಡಿದರು?" ಅಂತ ಕೇಳಬಹುದು. ಅದಕ್ಕೆ ನಮ್ಮ ಕಡೆಯ ಉದಾಹರಣೆ ಕೊಡ್ತೀನಿ. ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರ ಇರ್ತಾನೆ. ಬಣ್ಣ ಹಚ್ಚೋದಿಲ್ಲ, ಶಿಳ್ಳೆ ಬೀಳೋದು ನಟನಿಗೆ. ಆದರೆ ಯಾವ ಪಾತ್ರಧಾರಿಗೆ ಯಾವ ಪಟ್ಟಿ ಹಿಡೀಬೇಕು, ಎಲ್ಲಿ ತಬಲಾ ಏರಬೇಕು, ಎಲ್ಲಿ ಪೇಟಿ ನಿಲ್ಲಿಸಿ ಬರೀ ದನಿ ಬಿಡಬೇಕು, ಯಾವಾಗ ಒನ್ಸ್ ಮೋರ್ ತಗೋಬೇಕು, ಎಲ್ಲಾ ಅವನ ಕೈಲಿ. ರೆಕಾರ್ಡ್ ನಿರ್ಮಾಪಕ ಅಂದ್ರೆ ಸ್ಟುಡಿಯೋದ ಪೇಟಿ ಮಾಸ್ತರ. ಹಾಡುಗಾರನ ಗಂಟಲನ್ನ ನೋಡಿ ಹಾಡು ಹೊಲಿಯೋ ದರ್ಜಿ. ಸಿನಿಮಾದ ನಿರ್ಮಾಪಕನ ಹಾಗೆ ಬರೀ ದುಡ್ಡು ಹಾಕೋನಲ್ಲ.

1976ರಲ್ಲಿ ಬಿದ್ದು ಹೊಲಿದ ಇನ್ನೊಂದು ಅಂಗಿ ಟೀನಾ ಚಾರ್ಲ್ಸ್ ಅನ್ನೋ ಹುಡುಗಿಗೆ ಒಪ್ಪಿತು. 'ಐ ಲವ್ ಟು ಲವ್' ಬ್ರಿಟನ್ನಿನಲ್ಲಿ ಮತ್ತೆ ಒಂದನೇ ಸ್ಥಾನ. ಆ ಟೀನಾಳ ಬ್ಯಾಂಡಿನಲ್ಲಿ ಬೇಸ್ ನುಡಿಸ್ತಿದ್ದ ಟ್ರೆವರ್ ಹಾರ್ನ್ ಅನ್ನೋ ಹುಡುಗ ಬಿದ್ದು ಕೆಲಸ ಮಾಡೋದನ್ನ ಹತ್ತಿರದಿಂದ ನೋಡಿ ಕಲಿತ. ಮುಂದೆ 1979ರಲ್ಲಿ 'ವಿಡಿಯೋ ಕಿಲ್ಡ್ ದ ರೇಡಿಯೋ ಸ್ಟಾರ್' ಮಾಡಿ, ಎಂಬತ್ತರ ದಶಕದ ಬ್ರಿಟಿಷ್ ಪಾಪ್ ಸದ್ದನ್ನೇ ರೂಪಿಸಿದವರಲ್ಲಿ ಒಬ್ಬನಾದ. ಧಾರವಾಡದ ಕಡೆ ಇದಕ್ಕೆ ನಾವು ಒಂದು ಹೆಸರು ಇಟ್ಟಿದೀವಿ: ಗುರು-ಶಿಷ್ಯ ಪರಂಪರೆ. ಸ್ಟುಡಿಯೋದಲ್ಲಿ ನಡೆದರೆ ಮಾತ್ರ ಆ ಹೆಸರು ಕೊಡೋಕೆ ನಮಗೆ ಮನಸ್ಸು ಬರಲ್ಲ.

ಏರಿದ್ದು ಇಳೀಬೇಕಲ್ಲ. 1979ರ ಜುಲೈ 12. ಚಿಕಾಗೋದ ಬೇಸ್‌ಬಾಲ್ ಮೈದಾನ. ಡಿಸ್ಕೋ ರೆಕಾರ್ಡು ತಂದುಕೊಟ್ಟರೆ 98 ಸೆಂಟಿಗೆ ಟಿಕೆಟ್ಟು. ಎರಡು ಪಂದ್ಯಗಳ ನಡುವೆ, ಜನ ತಂದ ರೆಕಾರ್ಡುಗಳನ್ನ ರಾಶಿ ಹಾಕಿ, ರೇಡಿಯೋ ನಿರೂಪಕನೊಬ್ಬ ಮೈದಾನದ ನಡುವೆ ಸಿಡಿಮದ್ದಿಟ್ಟು ಉಡಾಯಿಸಿದ. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಎರಡನೇ ಪಂದ್ಯ ನಡೆಯಲೇ ಇಲ್ಲ. ನೆನಪಿಡಿ, ಡಿಸ್ಕೋ ಹುಟ್ಟಿದ್ದು ಅಮೆರಿಕದ ಕರಿಯರ, ಲ್ಯಾಟಿನೋಗಳ, ಸಲಿಂಗಿಗಳ ಕ್ಲಬ್ಬುಗಳಲ್ಲಿ. ಸುಟ್ಟದ್ದು ಬರೀ ಪ್ಲಾಸ್ಟಿಕ್ ತಟ್ಟೆಗಳನ್ನಲ್ಲ ಅಂತ ಆಮೇಲೆ ಎಷ್ಟೋ ಜನ ಬರೆದರು. ಒಂದು ಸಂಗೀತದ ಮೇಲಿನ ತಿರಸ್ಕಾರ ಅನೇಕ ಸಲ ಅದನ್ನ ಕೇಳೋ, ನುಡಿಸೋ ಮಂದಿಯ ಮೇಲಿನ ತಿರಸ್ಕಾರವೇ ಆಗಿರುತ್ತೆ.

ಪಶ್ಚಿಮದಲ್ಲಿ ಡಿಸ್ಕೋ ಮಣ್ಣಾಗ್ತಿದ್ದ ಆ ಹೊತ್ತಲ್ಲೇ ಬಿದ್ದು ಅವರ ಎರಡನೇ ಜನ್ಮ ಆಯ್ತು. ಅದೂ ಇನ್ನೊಬ್ಬ ಬೆಂಗಳೂರಿನವನ ಕೈಯಲ್ಲಿ! ಫಿರೋಜ್ ಖಾನ್ ಹುಟ್ಟಿದ್ದು ಬೆಂಗಳೂರಲ್ಲಿ, 2009ರಲ್ಲಿ ತೀರಿಕೊಂಡದ್ದೂ ಬೆಂಗಳೂರಲ್ಲೇ. ಅವರ 'ಖುರ್ಬಾನಿ'ಗೆ ಕಲ್ಯಾಣಜೀ-ಆನಂದಜೀ ಸಂಗೀತ. ಆದ್ರೆ ಒಂದೇ ಒಂದು ಹಾಡು ಬಿದ್ದು ಅವರಿಂದ ಬೇಕು ಅಂತ ಹಟ. ಹಾಡಿದ್ದು ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹುಡುಗಿ ನಾಜಿಯಾ ಹಸನ್, ಆಗ 15 ವರ್ಷ. ಒಮ್ಮೆ ಜೋಡಿಸಿ ನೋಡಿ: ಬೆಂಗಳೂರಲ್ಲಿ ಹುಟ್ಟಿದ ಕೊಡವ, ಬೆಂಗಳೂರಲ್ಲಿ ಹುಟ್ಟಿದ ಪಠಾಣ, ಕರಾಚಿಯ ಹುಡುಗಿ, ಲಂಡನ್ನಿನ ಸ್ಟುಡಿಯೋ, ಹಿಂದಿ ಹಾಡು. 1980ರಲ್ಲಿ ಅದು ಹುಬ್ಬಳ್ಳಿಯ ಚಹಾದಂಗಡಿಗಳವರೆಗೆ ಬಂತು. ನಾಜಿಯಾಳಿಗೆ ಫಿಲಂಫೇರ್ ಪ್ರಶಸ್ತಿ ಬಂತು. ಆಗಿನ ಹಿಂದಿ ಗಾಯಕಿಯರ ಏರುದನಿಯ ನಡುವೆ ಮೂಗಿನಲ್ಲಿ ಸ್ವಲ್ಪ ಕಟ್ಟಿಕೊಂಡಂತಿದ್ದ, ಹದಿಹರೆಯದ, ಅಲಂಕಾರವಿಲ್ಲದ ಆ ದನಿಯನ್ನ ಹಾಗೇ ಇರಲಿ ಅಂತ ಬಿಟ್ಟದ್ದೇ ಪೇಟಿ ಮಾಸ್ತರನ ಬುದ್ಧಿ.

ಮರುವರ್ಷ 'ಡಿಸ್ಕೋ ದಿವಾನೆ'. ನಾಜಿಯಾ, ಅವಳ ತಮ್ಮ ಜೊಹೇಬ್ ಹಾಡಿದ್ದು. ಸಿನಿಮಾ ಇಲ್ಲ, ಹೀರೋ ಇಲ್ಲ, ಬರೀ ಹಾಡುಗಳ ಆಲ್ಬಂ. ಸಿನಿಮಾದ ಹಂಗಿಲ್ಲದೆ ಪಾಪ್ ಹಾಡು ಮನೆಮನೆಗೆ ಹೋಗಬಹುದು ಅಂತ ಈ ಉಪಖಂಡಕ್ಕೆ ತೋರಿಸಿದ್ದು ಆ ಆಲ್ಬಂ. 1982ರಲ್ಲಿ 'ಸ್ಟಾರ್' ಸಿನಿಮಾಕ್ಕೆ ಸಂಗೀತ ಕೊಟ್ಟರು. ಸಿನಿಮಾ ಮಲಗಿತು, ಹಾಡುಗಳು ಎದ್ದವು. ಅದೇ ವರ್ಷದ ಕೊನೆಗೆ ಮಿಥುನ್‌ನ 'ಡಿಸ್ಕೋ ಡ್ಯಾನ್ಸರ್' ಬಂತು, ಬಪ್ಪಿ ಲಾಹಿರಿ ಬಂದರು. 1986ರ 'ಆಫ್ರಿಕಾದಲ್ಲಿ ಶೀಲಾ'ಕ್ಕೆ ದ್ವಾರಕೀಶ್ ಅದೇ ಬಪ್ಪಿಯವರನ್ನ ಕನ್ನಡಕ್ಕೂ ಕರೆತಂದರು. ಅಂದ್ರೆ ಹೊಳೆ ಬಂದದ್ದು ನಮಗೂ ಗೊತ್ತು, ಅದರಲ್ಲಿ ಮಿಂದದ್ದೂ ಗೊತ್ತು.

ಮತ್ತೆ ಒಂದು ಇಳಿತ. ಮತ್ತೆ 1995ರಲ್ಲಿ ಏರಿಕೆ, 'ಮೇಡ್ ಇನ್ ಇಂಡಿಯಾ'. ಅಲಿಶಾ ಚಿನಾಯ್ ಹಾಡಿ, ಮಿಲಿಂದ್ ಸೋಮನ್ ಪೆಟ್ಟಿಗೆಯಿಂದ ಎದ್ದು ಬರೋ ಆ ವಿಡಿಯೋ ನಮ್ಮ ಪೀಳಿಗೆಯ ಯಾರಿಗೆ ನೆನಪಿಲ್ಲ! ಈ ಹಾಡನ್ನ ಬಿದ್ದು ಮೊದಲು ಯೋಚಿಸಿದ್ದು ನಾಜಿಯಾಳಿಗೆ ಅಂತ. ಪಾಕಿಸ್ತಾನದವರ ಮನಸ್ಸು ನೋಯಬಹುದು ಅಂತ ಆಕೆ ಒಲ್ಲೆ ಅಂದಳು. ಎರಡು ದೇಶ ಒಟ್ಟಿಗೆ ಕುಣಿದ ದನಿ ಒಂದು ಹಾಡಿನ ಶೀರ್ಷಿಕೆಯ ಮುಂದೆ ನಿಂತುಬಿಟ್ಟಿತು. ನಾಜಿಯಾ 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು, 35ನೇ ವಯಸ್ಸಿಗೆ. ಬಿದ್ದು 2010ರಲ್ಲಿ ತಮ್ಮ ಆತ್ಮಕತೆ ಬರೆದಾಗ ಅದಕ್ಕಿಟ್ಟ ಹೆಸರೂ 'ಮೇಡ್ ಇನ್ ಇಂಡಿಯಾ' ಅಂತಲೇ.

ಬಿದ್ದಿದ್ದು, ಎದ್ದಿದ್ದು, ಮತ್ತೆ ಬಿದ್ದಿದ್ದು, ಮತ್ತೆ ಎದ್ದಿದ್ದು. ಕನ್ನಡದಲ್ಲಿ ಓದಿದರೆ ಅವರ ಹೆಸರಲ್ಲೇ ಅರ್ಧ ಜೀವನಚರಿತ್ರೆ ಇದೆ :-)

ನಾನು ಕುರುಡು ಅಭಿಮಾನಿ ಅಲ್ಲ. ಡಿಸ್ಕೋದಲ್ಲಿ ಅಚ್ಚಿಗೆ ಸುರಿದು ತೆಗೆದ ಇಟ್ಟಿಗೆಗಳೇ ಹೆಚ್ಚು. ಪ್ರತಿ ಮಾತ್ರೆಗೂ ಧಮ್ ಧಮ್ ಅಂತ ಡ್ರಮ್ಮು, ಮೇಲೆ ಪಿಟೀಲಿನ ಹೊಗೆ, ಎರಡು ಸಾಲಿನ ಸಾಹಿತ್ಯ. ಬಿದ್ದು ಅವರ ಎಷ್ಟೋ ಹಾಡುಗಳು ಒಮ್ಮೆ ಕೇಳಿ ಮರೆಯೋಂಥವೇ. 'ಕುಂಗ್ ಫೂ ಫೈಟಿಂಗ್'ನಲ್ಲಿ ಚೀನೀಯರನ್ನ ತೋರಿಸಿದ ರೀತಿ ಇವತ್ತು ಕೇಳಿದರೆ ಮುಜುಗರ ಆಗುತ್ತೆ. ಹಾಡಿದವರು ಹಾಡಿನ ಜೊತೆಗೇ ಮರೆಯಾಗೋದು ಈ ಧಂಧೆಯ ರೋಗ. ಆ ಮಟ್ಟದ ಗೆಲುವು ಡಗ್ಲಸ್‌ಗೆ ಮತ್ತೆ ಸಿಗಲೇ ಇಲ್ಲ. ಇದನ್ನೆಲ್ಲ ಒಪ್ಪಿಕೊಂಡೇ ಮುಂದಿನ ಮಾತು ಹೇಳ್ತೀನಿ.

ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ ಕತೆ ನಮ್ಮ ಕಡೆ ಮಕ್ಕಳಿಗೆಲ್ಲ ಗೊತ್ತು. ಟಿಕೆಟ್ಟಿಲ್ಲದೆ ರೈಲು ಹತ್ತಿದ್ದು, ಬೋಗಿಯಲ್ಲಿ ಹಾಡಿ ಹೊಟ್ಟೆ ಹೊರೆದದ್ದು, ಉತ್ತರ ಭಾರತವೆಲ್ಲ ಅಲೆದು ಕೊನೆಗೆ ಇಲ್ಲೇ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ನೆಲೆ ನಿಂತದ್ದು. ಅಜ್ಜ ಆ ಕತೆ ಹೇಳುವಾಗ ಕಣ್ಣು ಒರೆಸಿಕೊಳ್ತಿದ್ದರು. ಅದು ನಿಜಕ್ಕೂ ದೊಡ್ಡ ಕತೆ. ಆದರೆ ಗಿಟಾರು ಹಿಡಿದು ಸಿಕ್ಕ ಗಾಡಿ ಹತ್ತಿ ಲಂಡನ್ನಿಗೆ ಹೋದವನ ಕತೆ? ಅದೇ ಹಸಿವು, ಅದೇ ಹುಚ್ಚು, ಅದೇ ಪರವೂರಿನ ಊಟ. ಒಂದನ್ನ ತಪಸ್ಸು ಅಂತೀವಿ, ಇನ್ನೊಂದನ್ನ ಪೋಲಿತನ ಅಂತೀವಿ. ಇಬ್ಬರ ಸಂಗೀತ ಒಂದೇ ತೂಕದ್ದು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಜಗಳಕ್ಕೆ ಬರಬೇಡಿ. ಯಾವ ಹಸಿವಿಗೆ ಗೌರವ, ಯಾವ ಹಸಿವಿಗೆ ಬೈಗುಳ ಅಂತ ಹಾಡು ಕೇಳೋ ಮೊದಲೇ ತೀರ್ಮಾನ ಮಾಡಿಬಿಡ್ತೀವಲ್ಲ, ನನ್ನ ತಕರಾರು ಅದರ ಬಗ್ಗೆ.

ಇಂಥ ತೀರ್ಮಾನ ಎಷ್ಟು ಸಲ ತಪ್ಪಿದೆ ಅಂತ ಈ ಊರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಂಗೂಬಾಯಿ ಹಾನಗಲ್ ಚಿಕ್ಕವರಿದ್ದಾಗ ಧಾರವಾಡದ ಶುಕ್ರವಾರಪೇಟೆಯಲ್ಲಿ ನಡೆದು ಹೋಗ್ತಿದ್ದರೆ 'ಗಾನೇವಾಲಿ' ಅಂತ ಹೀಯಾಳಿಸ್ತಿದ್ದರು. ಅವರೇ ಹೇಳಿಕೊಂಡ ಮಾತು. ಇವತ್ತು ಅದೇ ಹುಬ್ಬಳ್ಳಿ-ಧಾರವಾಡಕ್ಕೆ ಅವರ ಹೆಸರು ಹಣೆಯ ಕುಂಕುಮ ಇದ್ದ ಹಾಗೆ. ಬೈಠಕ್ಕಿನ ಸಂಗೀತವೂ ಒಂದು ಕಾಲಕ್ಕೆ ಮರ್ಯಾದಸ್ಥರ ಮನೆಯ ಹೊರಗೇ ನಿಂತಿತ್ತು.

ಈಗ ಕಾಕಾನ ಕತೆಯ ಉಳಿದರ್ಧ. ಕ್ಯಾಸೆಟ್ಟಿನ ಜಗಳ ಆದ ಕೆಲವು ವರ್ಷಕ್ಕೆ ಕಾಕಾ ಸಾಲ ಮಾಡಿ ಒಂದು ಕ್ಯಾಸಿಯೋ ಕೀಬೋರ್ಡ್ ತಂದ. ನಾಲ್ಕೈದು ಗೆಳೆಯರು ಸೇರಿ ಆರ್ಕೆಸ್ಟ್ರಾ ಮಾಡಿದರು. ಡ್ರಮ್ಮಿಗೆ ಹಳೇ ಹುಬ್ಬಳ್ಳಿಯ ಮುಸಲ್ಮಾನರ ಹುಡುಗ, ಗಿಟಾರಿಗೆ ರೈಲ್ವೆ ಕ್ವಾರ್ಟರ್ಸಿನ ಕ್ರಿಶ್ಚಿಯನ್ ಹುಡುಗ, ಹಾಡೋದಕ್ಕೆ ಬ್ಯಾಂಡ್ ಕಂಪನಿಯವರ ಮಗ. ಗಣಪತಿ ಹಬ್ಬದ ಹನ್ನೊಂದು ದಿನ ಇವರಿಗೆ ಬಿಡುವಿಲ್ಲ. ಒಂದು ಸಲ ಬೊಂಬಾಯಿಯ ಆರ್ಕೆಸ್ಟ್ರಾ ಒಂದರಿಂದ ಕಾಕಾನಿಗೆ ಕರೆ ಬಂತು. ಅಜ್ಜ ಅಂದದ್ದು ಒಂದೇ ಮಾತು, "ಹೋಗು. ಹೋದ್ರ ಹೊಳ್ಳಿ ಬರಬ್ಯಾಡ." ಕಾಕಾ ಹೋಗಲಿಲ್ಲ. ಅತ್ತೆಯ ಮದುವೆಗೆ ಕೀಬೋರ್ಡ್ ಮಾರಿದ, ಯಾರ್ಡಿನಲ್ಲಿ ಲೆಕ್ಕ ಬರೆಯೋಕೆ ಕೂತ. ಅಜ್ಜನಿಗೆ ಸಿಟ್ಟಿದ್ದದ್ದು ಸಂಗೀತದ ಮೇಲೋ, ಯಾರ್ಯಾರ ಜೊತೆ ಕೂತು ಉಣ್ತಾನೆ ಅನ್ನೋದರ ಮೇಲೋ? ಅಜ್ಜ ಈಗಿಲ್ಲ. ಆದ್ರೂ ಸತ್ಯ ಬರೀಬೇಕಂದ್ರೆ, ಎರಡರ ಮೇಲೂ.

ಹಾಗಾಗಿ ಬಿದ್ದು ಅವರನ್ನ "ನಮ್ಮ ಹೆಮ್ಮೆಯ ಕನ್ನಡಿಗ" ಅಂತ ಇವತ್ತು ಬಾವುಟ ಹಾರಿಸೋಕೆ ನನಗೆ ಮನಸ್ಸಿಲ್ಲ. ಅವರ ಹೆಸರಾಂತ ಹಾಡುಗಳು ಇಂಗ್ಲಿಷಿನವು, ಹಿಂದಿಯವು. ಅವರನ್ನ ಬೆಳೆಸಿದ್ದು ಸಿಲೋನ್ ರೇಡಿಯೋ ಮತ್ತು ಲಂಡನ್ನಿನ ಬಾಡಿಗೆ ಸ್ಟುಡಿಯೋ. ಹೋಗಿ ಗೆದ್ದವರನ್ನ ಗೆದ್ದ ಮೇಲೆ ನಮ್ಮವರು ಅನ್ನೋದಕ್ಕೆ ಖರ್ಚಿಲ್ಲ. ಖರ್ಚಿರೋದು ಹೋಗಲಾರದೆ ಇಲ್ಲೇ ಉಳಿದವರನ್ನ ನಮ್ಮವರು ಅನ್ನೋದಕ್ಕೆ. ಬಿದ್ದು ಅವರ ಜೀವನದಿಂದ ನಾವು ಏನಾದ್ರೂ ಕಲಿಯೋದಿದ್ರೆ ಅದು ಇದೇ: ಬಿ ಬದಿಯಲ್ಲಿ ಏನಿದೆ ಅಂತ ಒಮ್ಮೆ ತಿರುಗಿಸಿ ಕೇಳಬೇಕು. ಕಂಪನಿಯವರು ಅವತ್ತು ತಿರುಗಿಸಿ ಕೇಳದಿದ್ದರೆ ಆ ಹಾಡು ಹತ್ತು ನಿಮಿಷದ ತಮಾಷೆಯಾಗಿಯೇ ಉಳೀತಿತ್ತು.

ನಿಮ್ಮ ನಿಮ್ಮ ಊರಲ್ಲೂ ಇಂಥ ಕಾಕಾಗಳಿದಾರೆ. ಆರ್ಕೆಸ್ಟ್ರಾದಲ್ಲಿ ಪ್ಯಾಡ್ ಬಾರಿಸ್ತಿದ್ದವರು, ಕ್ಯಾಸೆಟ್ ಅಂಗಡಿಯಲ್ಲಿ ಹಾಡು ತುಂಬಿಕೊಡ್ತಿದ್ದವರು, ನಾಟಕ ಕಂಪನಿ ಮುಚ್ಚಿದ ಮೇಲೆ ಪೇಟಿಯನ್ನ ಅಟ್ಟಕ್ಕೆ ಹಾಕಿದವರು. ಕವಿಗಳ ಬಗ್ಗೆ, ಪಂಡಿತರ ಬಗ್ಗೆ ನಾವು ಬ್ಲಾಗಿಗರು ಬೇಕಾದಷ್ಟು ಬರೆದಿದೀವಿ. ಇವರ ಬಗ್ಗೆ ಒಂದೊಂದು ಪೋಸ್ಟ್ ಬರೀರಿ ಮಾರಾಯ್ರೇ. ಯಾರು ಯಾವ ಹಾಡಿಗೆ ಏನು ನುಡಿಸಿದರು ಅಂತ ಅವರು ಇರುವಾಗಲೇ ಕೇಳಿ ಬರೆದಿಡೋಣ.

ಅವತ್ತು ರಾತ್ರಿ ನಾನು ಕಾಕಾನಿಗೆ ಬಿದ್ದು ಅವರ ಕತೆಯನ್ನೆಲ್ಲ ಹೇಳಿದೆ. ಹತ್ತು ನಿಮಿಷದ ಹಾಡು, ಒಂದನೇ ಸ್ಥಾನ, ಜಪಾನು, ಲಂಡನ್ನು. ಎಲ್ಲದಕ್ಕೂ "ಹೂಂ" ಅಂತ ಕೇಳಿದ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

"ಅಷ್ಟ ದೂರ ಹೋದಾಂವ ಹೊಳ್ಳಿ ಬಂದಾಗ, ಮನ್ಯಾಗ ಕರಕೊಂಡ್ರೇನು?"

ನಾನು ಏನೂ ಹೇಳಲಿಲ್ಲ. ಕಾಕಾ ಎದ್ದು ಒಳಗೆ ಹೋಗಿ ಟ್ರಂಕಿನಿಂದ ಆ ಕ್ಯಾಸೆಟ್ಟು ತಂದ. ಮನೆಯಲ್ಲಿ ಟೇಪ್ ರೆಕಾರ್ಡರ್ ಇಲ್ಲ, ಇದ್ದದ್ದು ಯಾವತ್ತೋ ಗುಜರಿಗೆ ಹೋಯ್ತು. ಮೊಬೈಲಿನಲ್ಲಿ 'ಡಿಸ್ಕೋ ದಿವಾನೆ' ಹಚ್ಚಿದೆ. ಕಾಕಾ ಕ್ಯಾಸೆಟ್ಟನ್ನ ಅಂಗೈಯಲ್ಲಿ ಹಿಡಿದುಕೊಂಡು ಪೂರ್ತಿ ಕೇಳಿದ. ಹಾಡು ಮುಗೀತು. ಇಬ್ಬರೂ ಸುಮ್ಮನೆ ಕಾಯ್ತಾ ಕೂತ್ವಿ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಕ್ವಿ. ಮನ್ಸೂರರು ಬರಲಿಲ್ಲ.

ಈ ವಾರ ಹುಬ್ಬಳ್ಳಿಯಲ್ಲಿ ಹಳೇ ಟೇಪ್ ರೆಕಾರ್ಡರ್ ರಿಪೇರಿ ಮಾಡೋರು ಯಾರಾದ್ರೂ ಉಳಿದಿದಾರಾ ಅಂತ ಹುಡುಕ್ತಾ ಇದೀನಿ. ಗೊತ್ತಿದ್ದರೆ ತಿಳಿಸಿ.